ಏನಾದರೂ ಕೇಳೋದಿದೆಯಾ?

ಸಂದರ್ಶನಕ್ಕೆ ತಯಾರಾಗುವವರೆಲ್ಲ ಮೊದಲ ಪ್ರಶ್ನೆಗೆ ತಯಾರಾಗುತ್ತಾರೆ. ‘ನಿಮ್ಮ ಬಗ್ಗೆ ಹೇಳಿ’ ಎಂದರೆ ಏನು ಹೇಳಬೇಕೆಂದು ಕನ್ನಡಿಯ ಮುಂದೆ ನಿಂತು ಒಪ್ಪಿಸಿಕೊಳ್ಳದವರು ನಮ್ಮ ಹಾಸ್ಟೆಲಿನಲ್ಲಿ ಯಾರೂ ಇಲ್ಲ. ಕೊನೆಯ ಪ್ರಶ್ನೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ: ‘ಸರಿ, ನಿಮಗೇನಾದರೂ ಕೇಳೋದಿದೆಯಾ?’ ಅಷ್ಟು ಹೊತ್ತು ಪಂಪನಿಂದ ಹಿಡಿದು ಬಂಡಾಯದವರೆಗೆ ನಿರರ್ಗಳವಾಗಿ ಮಾತಾಡಿದವರು ‘ಇಲ್ಲ ಸರ್’ ಎಂದು ಎದ್ದುಬಿಡುತ್ತಾರೆ.

ಇದರಲ್ಲಿ ಆಶ್ಚರ್ಯವೇನಿಲ್ಲ. ದೊಡ್ಡವರು ಕೇಳಬೇಕು, ನಾವು ಹೇಳಬೇಕು ಎಂಬ ಅಭ್ಯಾಸ ಒಂದನೇ ತರಗತಿಯಿಂದ ಬಂದದ್ದು. ‘ಡೌಟ್ಸ್ ಇದೆಯಾ?’ ಎಂದು ಮೇಷ್ಟ್ರು ಕೇಳುತ್ತಿದ್ದದ್ದು ಡೌಟು ಕೇಳಲಿ ಎಂದಲ್ಲ, ಪಾಠ ಮುಗಿಯಿತು ಎಂದು ತಿಳಿಸಲಿಕ್ಕೆ. ಸಂದರ್ಶನದ ಮಂಡಳಿಯಲ್ಲಿ ಕೂತವರೂ ಅದೇ ತರಗತಿಗಳಿಂದ ಬಂದವರಲ್ಲವೇ.

ಆದರೆ ನಮ್ಮಂಥವರಿಗೆ ಆ ಹತ್ತು ಹದಿನೈದು ನಿಮಿಷದ ತೂಕ ದೊಡ್ಡದು. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯ ಪ್ರಕಾರ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅಂಕಪಟ್ಟಿ, ಪಿಎಚ್‌ಡಿ, ಪ್ರಕಟವಾದ ಲೇಖನ ಇವೆಲ್ಲ ಬೇಕಾಗುವುದು ಸಂದರ್ಶನಕ್ಕೆ ಯಾರನ್ನು ಕರೆಯಬೇಕೆಂದು ತೀರ್ಮಾನಿಸಲು ಮಾತ್ರ. ಆಯ್ಕೆ ನಡೆಯುವುದು ಸಂದರ್ಶನದ ಮೇಲೆಯೇ. ಐದು ವರ್ಷ ಹಸ್ತಪ್ರತಿಯ ಧೂಳು ಕುಡಿದವರನ್ನು ಬಾಗಿಲವರೆಗೆ ತಂದು ಬಿಟ್ಟು ಆ ಧೂಳು ಹಿಂದೆ ಸರಿಯುತ್ತದೆ. ಫೆಲೋಶಿಪ್ ಮುಗಿಯುತ್ತ ಬಂದವರಿಗೆ ಈ ಬಾಗಿಲು ಎಷ್ಟು ಭಾರವೆಂದು ಬೇರೆ ಹೇಳಬೇಕಿಲ್ಲ.

ಕೊನೆಗೆ ಯಾಕಿಷ್ಟು ಬೆಲೆ ಎಂಬುದಕ್ಕೆ ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರ 1993ರ ಪ್ರಯೋಗವೊಂದನ್ನು ಉದಾಹರಿಸುತ್ತಾರೆ. 14 ಡಿಗ್ರಿ ತಣ್ಣೀರಿನಲ್ಲಿ ಜನರು ಒಂದು ಸಲ 60 ಸೆಕೆಂಡು ಕೈಯಿಟ್ಟರು. ಇನ್ನೊಂದು ಸಲ ಅದೇ 60 ಸೆಕೆಂಡು, ಅದರ ಮೇಲೆ ಇನ್ನೂ 30 ಸೆಕೆಂಡು. ಆ 30 ಸೆಕೆಂಡಿನಲ್ಲಿ ನೀರು ನಿಧಾನವಾಗಿ 15 ಡಿಗ್ರಿಗೆ ಏರುತ್ತದೆ. ಮತ್ತೆ ಯಾವುದನ್ನು ಮಾಡುತ್ತೀರಿ ಎಂದರೆ ಹೆಚ್ಚಿನವರು ಆರಿಸಿದ್ದು ಎರಡನೆಯದನ್ನು. ನೋವು ಜಾಸ್ತಿ ಹೊತ್ತಿನದು, ಆದರೆ ಕೊನೆ ಮೆತ್ತಗಿನದು. ಓದಿದಾಗ ನನಗೆ ಅನಿಸಿದ್ದು, ಬೆಳಗಿನಿಂದ ಒಬ್ಬರಾದ ಮೇಲೆ ಒಬ್ಬರನ್ನು ಕೂರಿಸಿಕೊಂಡು ಅದೇ ರಸ, ಅದೇ ಧ್ವನಿ ಕೇಳುವ ಮಂಡಳಿಗೆ ನಾವೇ ಆ ತಣ್ಣೀರು. ಕೊನೆಗೆ ಒಂದು ಡಿಗ್ರಿಯಾದರೂ ಬೆಚ್ಚಗಾಗುವುದು ನಮ್ಮ ಧರ್ಮ.

ಹೇಗೆ ಬೆಚ್ಚಗಾಗಬೇಕು ಎಂಬುದಕ್ಕೆ ಯೂಟ್ಯೂಬಿನಲ್ಲಿ ಪಾಠಗಳಿವೆ. ‘ನನ್ನನ್ನು ಆಯ್ಕೆ ಮಾಡಲು ನಿಮಗೇನಾದರೂ ಹಿಂಜರಿಕೆ ಇದೆಯೇ?’ ಎಂದು ಕೇಳಬೇಕಂತೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನನ್ನ ಗೆಳತಿ ಇಂಗ್ಲಿಷಿನಲ್ಲಿ ಇದನ್ನು ಕೇಳಿದಳು, ಕೆಲಸವೂ ಸಿಕ್ಕಿತು. ಅದನ್ನೇ ಕನ್ನಡ ವಿಭಾಗದ ಹಿರಿಯರ ಮುಂದೆ ಕನ್ನಡದಲ್ಲಿ ಕೇಳಿ ನೋಡಿ. ಜಗಳಕ್ಕೆ ಬಂದ ಹಾಗಿರುತ್ತದೆ. ಅವರಲ್ಲೊಬ್ಬರು ಕನ್ನಡಕ ತೆಗೆದು ‘ಇದೆಯಮ್ಮಾ’ ಎಂದರೆ ಮುಂದೇನು?

ಹೋದ ತಿಂಗಳು ತಾಲ್ಲೂಕು ಕೇಂದ್ರದ ಖಾಸಗಿ ಪದವಿ ಕಾಲೇಜೊಂದರ ಸಂದರ್ಶನಕ್ಕೆ ಹೋಗಿದ್ದೆ. ಬಸ್ಸು ಬೇಗ ತಲುಪಿಸಿದ್ದರಿಂದ ಒಂದು ಗಂಟೆ ಮಿಕ್ಕಿತ್ತು. ಅಟೆಂಡರ್ ಅಣ್ಣ ‘ಲೈಬ್ರರೀಲಿ ಫ್ಯಾನ್ ಐತೆ, ಕೂತ್ಕಳಿ ಮೇಡಂ’ ಎಂದರು. ಅಲ್ಲಿ ಗಾಜಿನ ಬೀರುವಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟೂ ಸಂಪುಟಗಳಿದ್ದವು. ಜಿ. ವೆಂಕಟಸುಬ್ಬಯ್ಯನವರಂಥವರು ದಶಕಗಟ್ಟಲೆ ದುಡಿದ ಕೆಲಸ. ಬೀರುವಿಗೆ ಬೀಗ.

ಮಂಡಳಿಯಲ್ಲಿ ನಾಲ್ವರು: ಪ್ರಾಂಶುಪಾಲರು, ಇಬ್ಬರು ವಿಷಯ ತಜ್ಞರು, ಆಡಳಿತ ಮಂಡಳಿಯ ಒಬ್ಬರು. ಕೊನೆಯ ಪ್ರಶ್ನೆ ಬಂತು. ‘ಲೈಬ್ರರಿಯ ನಿಘಂಟಿನ ಬೀರುವಿನ ಕೀಲಿ ಯಾರ ಹತ್ತಿರ ಇರುತ್ತದೆ ಸರ್?’ ಎಂದೆ. ಕೆಲಸ ಸಿಕ್ಕರೆ ಮೊದಲ ವರ್ಷದವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಒಬ್ಬೊಬ್ಬರಿಗೆ ಅವರ ಮನೆಮಾತಿನ ಒಂದೊಂದು ಪದ ಹುಡುಕಿಸಬೇಕೆಂದಿದೆ ಎಂದೂ ಹೇಳಿದೆ. ತಜ್ಞರಿಬ್ಬರೂ ಪ್ರಾಂಶುಪಾಲರ ಕಡೆ ತಿರುಗಿದರು. ಆಡಳಿತ ಮಂಡಳಿಯವರು ‘ಎಂಟು ಸಂಪುಟಾನಾ?’ ಎಂದು ಬೆರಗಾದರು. ಕೀಲಿ ಎಲ್ಲಿದೆ ಎಂಬುದು ಮೂರು ನಿಮಿಷ ಚರ್ಚೆಯಾಯಿತು. ನೀರು 15 ಡಿಗ್ರಿ ದಾಟಿತ್ತು.

ಅಲ್ಲಿಗೇ ಏಳಬಹುದಿತ್ತು. ಯೂಟ್ಯೂಬಿನ ಗುರುಗಳು ಏಳು ಎನ್ನುತ್ತಿದ್ದರು. ನಾನು ಏಳಲಿಲ್ಲ. ‘ಸಂಬಳ ವರ್ಷಕ್ಕೆ ಎಷ್ಟು ತಿಂಗಳದ್ದು ಸರ್?’ ಎಂದು ಕೇಳಿದೆ. ಎಷ್ಟೋ ಕಡೆ ರಜೆಯ ತಿಂಗಳುಗಳಿಗೆ ಸಂಬಳವಿರುವುದಿಲ್ಲ. ಕೇಳದೆ ಸೇರಿ ಏಪ್ರಿಲಿನಲ್ಲಿ ಅಪ್ಪನ ಹತ್ತಿರ ಬಸ್ ಚಾರ್ಜು ಕೇಳಿದವರು ನನ್ನ ಜೊತೆಯಲ್ಲೇ ಇದ್ದಾರೆ. ಸಂದರ್ಶನದಲ್ಲಿ ಸಂಬಳದ ಮಾತೆತ್ತಬಾರದು ಎಂದು ಹೇಳಿಕೊಡುವವರಿಗೆಲ್ಲ ಸಾಮಾನ್ಯವಾಗಿ ಹನ್ನೆರಡು ತಿಂಗಳೂ ಸಂಬಳ ಬರುತ್ತಿರುತ್ತದೆ. ಕೋಣೆ ಮತ್ತೆ ತಣ್ಣಗಾಯಿತು. ‘ಅದೆಲ್ಲ ಆಮೇಲೆ ಮಾತಾಡೋಣ’ ಎಂದರು ಆಡಳಿತ ಮಂಡಳಿಯವರು. ತಜ್ಞರಲ್ಲೊಬ್ಬರು ಮಾತ್ರ ಮೇಜಿನ ಕಡೆ ನೋಡುತ್ತ ಸಣ್ಣಗೆ ನಕ್ಕರು.

ಫೈಲು ಎತ್ತಿಕೊಂಡು ‘ಬರ್ತೀನಿ ಸರ್’ ಎಂದೆ. ‘ಬನ್ನಿ ಬನ್ನಿ’ ಎಂದರು ಪ್ರಾಂಶುಪಾಲರು. ಹೊರಡುವವರೂ ‘ಬರ್ತೀನಿ’ ಎನ್ನುವ ಭಾಷೆ ನಮ್ಮದು. ಇದು ಕೆಲಸಕ್ಕೆ ಬನ್ನಿಯೋ, ಹೋಗಿ ಬನ್ನಿಯೋ ಎಂದು ಬಸ್ ಸ್ಟ್ಯಾಂಡಿನವರೆಗೂ ಯೋಚಿಸಿದೆ. ಮೊನ್ನೆ ಫೋನು ಬಂತು. ಹತ್ತು ತಿಂಗಳು ಎಂದರು. ಕೀಲಿ ಸಿಕ್ಕಿದೆ ಎಂದೂ ಹೇಳಿದರು. ಸೋಮವಾರದೊಳಗೆ ಉತ್ತರ ಕೊಡಬೇಕು. ನಾನಿನ್ನೂ ಮಿಕ್ಕ ಎರಡು ತಿಂಗಳ ಲೆಕ್ಕದಲ್ಲಿದ್ದೇನೆ.