ಸುಸ್ತಿಗೊಂದು ಹೆಸರು

ಮುಂಬಯಿಯಲ್ಲಿ ಸುಸ್ತನ್ನು ಯಾರೂ ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಡೊಂಬಿವಲಿಯಿಂದ ವಿ.ಟಿ. (ಈಗ ಸಿ.ಎಸ್.ಎಂ.ಟಿ. ಆಗಿದ್ದರೂ ನಮಗೆ ವಿ.ಟಿ.ಯೇ) ತನಕ ದಿನಾ ನಿಂತೇ ಹೋಗಿಬರುವ ಹೆಂಗಸರ ಡಬ್ಬಿಯಲ್ಲಿ ಸುಸ್ತಾಗದವರು ಯಾರಿದ್ದಾರೆ ಹೇಳಿ? ನನ್ನ ಸುಸ್ತೂ ಬಹಳ ದಿನ ರೈಲಿನ ಖಾತೆಗೇ ಜಮಾ ಆಗುತ್ತಿತ್ತು. ಆಮೇಲೆ ಪಾದಗಳಲ್ಲಿ ಜೋಮು ಶುರುವಾಯಿತು. ನಾಲ್ಕು ಹೆಜ್ಜೆ ನಡೆದರೆ ಬಿಡುವ ಜೋಮಲ್ಲ, ರಾತ್ರಿಯೆಲ್ಲ ಇರುವಂಥದ್ದು.

ಧಾರವಾಡದಲ್ಲಾಗಿದ್ದರೆ ಅವ್ವ ನನ್ನ ಪಕ್ಕದಲ್ಲೇ ಕೂತು, "ಡಾಕ್ಟರ್, ಇಕಿ ಹಿಂದ ಹಿಂಗ ಇರಲಿಲ್ರೀ, ಮಾರಿ ನೋಡ್ರಿ ಹೆಂಗ ಬಾಡೇತಿ" ಅಂತ ನನ್ನ ಕತೆಯನ್ನೆಲ್ಲ ತಾನೇ ಹೇಳಿಬಿಡುತ್ತಿದ್ದಳು. ಇಲ್ಲಿ ಮೊದಲು ಜೋಮಿಗೊಂದು ಶಬ್ದ ಹುಡುಕಬೇಕಾಯಿತು. ಪಕ್ಕದ ಮನೆಯ ಮರಾಠಿ ಕಾಕೂ ಹೇಳಿಕೊಟ್ಟರು: "ಪಾಯಾಲಾ ಮುಂಗ್ಯಾ ಯೇತಾತ್." ಕಾಲಿಗೆ ಇರುವೆ ಬರುತ್ತವೆ! ಎಷ್ಟು ಸರಿಯಾದ ಮಾತು. ಡಾಕ್ಟರಿಗೆ ಹಾಗೇ ಹೇಳಿದೆ. ಅವರು ಹಿಮೋಗ್ಲೋಬಿನ್ ರಿಪೋರ್ಟ್ ನೋಡಿ, "ಮೇಡಂ, ಟೆನ್ಶನ್ ಮತ್ ಲೋ" ಅಂದರು. ಕಬ್ಬಿಣ, ಫೋಲಿಕ್ ಆಸಿಡ್ ಇರುವ ಟಾನಿಕ್ ಬರೆದುಕೊಟ್ಟರು. ಎರಡೇ ನಿಮಿಷ. ಹೊರಗೆ ಇನ್ನೂ ಇಪ್ಪತ್ತು ಜನ ಕೂತಿದ್ದರು.

ಆ ಫೋಲಿಕ್ ಆಸಿಡ್‌ಗೂ ಈ ಊರಿಗೂ ಹಳೆಯ ನಂಟು. 1928ರಲ್ಲಿ ಇಂಗ್ಲೆಂಡಿನಿಂದ ಬಂದ ಲೂಸಿ ವಿಲ್ಸ್ ಎಂಬ ವೈದ್ಯೆ ಇಲ್ಲಿನ ಬಟ್ಟೆ ಗಿರಣಿಗಳ ಬಸುರಿ ಹೆಂಗಸರ ರಕ್ತಹೀನತೆಗೆ ಕಾರಣ ಹುಡುಕಿದರು. ಅವರು ಏನು ಉಣ್ಣುತ್ತಾರೆ ಎಂಬುದನ್ನೂ ಪರೀಕ್ಷಿಸಿದರು. ಈಸ್ಟ್‌ನಿಂದ ಮಾಡಿದ ಮಾರ್ಮೈಟ್ ಕೊಟ್ಟರೆ ಅವರು ಚೇತರಿಸಿಕೊಳ್ಳುತ್ತಾರೆ ಎಂದು 1931ರಲ್ಲಿ ಪ್ರಕಟಿಸಿದರು. ಅದರೊಳಗಿನ ಸತ್ವವೇ ಫೋಲಿಕ್ ಆಸಿಡ್ ಎಂದು ಮುಂದೆ ಗೊತ್ತಾಯಿತು. ಆದರೆ ನನ್ನನ್ನು "ಏನು ಊಟ ಮಾಡ್ತೀರಿ?" ಅಂತ ಯಾರೂ ಕೇಳಲಿಲ್ಲ.

ಕೇಳಿದ್ದು ಊರಲ್ಲಿ ನರ್ಸ್ ಆಗಿರುವ ವೈನಿ, ಫೋನಿನಲ್ಲಿ. ಬಿ-12 ಕಡಿಮೆಯಿದ್ದಾಗ ಬರೀ ಫೋಲಿಕ್ ಆಸಿಡ್ ತಗೊಂಡರೆ ರಕ್ತ ಸುಧಾರಿಸಿದ ಹಾಗೆ ಕಾಣುತ್ತದಂತೆ, ಒಳಗೆ ನರಗಳ ಹಾನಿ ನಡೆದೇ ಇರುತ್ತದಂತೆ. ತಡವಾದರೆ ಆ ಹಾನಿ ಪೂರ್ತಿ ವಾಸಿಯಾಗದೆಯೂ ಇರಬಹುದು. ಬಿ-12 ಇರುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ನಾನು ಶಾಕಾಹಾರಿ, ಹಾಲು ಚಹಾದಲ್ಲಷ್ಟೇ. ಸಾಲದ್ದಕ್ಕೆ ವರ್ಷಗಟ್ಟಲೆ ನುಂಗುತ್ತಿದ್ದ ಆಸಿಡಿಟಿ ಮಾತ್ರೆಯೂ ಬಿ-12 ಮೈಗೆ ಹತ್ತದಂತೆ ಮಾಡಬಲ್ಲದು. "ಬಿ-12, ಥೈರಾಯ್ಡ್ ಎರಡೂ ನೋಡ್ರಿ ಅಂತ ಬಾಯಿಬಿಟ್ಟು ಕೇಳು. ಬ್ಯಾಡ ಅಂದ್ರ ಯಾಕ ಬ್ಯಾಡ ಅಂತ ಕೇಳು" ಅಂದರು ವೈನಿ.

ಒಂದು ಹಾಳೆಯಲ್ಲಿ ಬರೆದುಕೊಂಡೆ: ಜೋಮು ಯಾವಾಗಿನಿಂದ, ಏನು ಊಟ, ಯಾವ ಮಾತ್ರೆ ಎಷ್ಟು ದಿನದಿಂದ. ಅದನ್ನು ಹಿಡಿದು ಬೇರೆ ಡಾಕ್ಟರ ಹತ್ತಿರ ಹೋದೆ. ಅವರು ಹಾಳೆಯನ್ನು ಪೂರ್ತಿ ಓದಿದರು. ಬಿ-12, 118 ಬಂತು. 200ಕ್ಕಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ. ಥೈರಾಯ್ಡ್ ಕುಂದಿದಾಗ ಏರುವ ಟಿ.ಎಸ್.ಎಚ್. 11 ಇತ್ತು, ಅದು ಸಾಮಾನ್ಯವಾಗಿ ನಾಲ್ಕೈದರ ಒಳಗಿರಬೇಕು. ಸುಸ್ತಿಗೆ ಒಂದಲ್ಲ, ಎರಡು ಹೆಸರು! ಇಂಜೆಕ್ಷನ್ ಶುರುವಾಯಿತು. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಚಹಾಕ್ಕಿಂತ ಮುಂಚೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಅದಾಗಿ ನಾಲ್ಕು ತಾಸಿನ ಮೇಲೆ. ಇದನ್ನೂ ಕೇಳಿ ಬರೆಸಿಕೊಂಡೆ. ಕೆಲವು ತಿಂಗಳಲ್ಲಿ ಇರುವೆಗಳು ಕಡಿಮೆಯಾದವು. ಹೆಬ್ಬೆರಳಲ್ಲಿ ಒಂದೆರಡು ಇನ್ನೂ ಉಳಿದಿವೆ.

ಊರಲ್ಲಿ ನಮ್ಮ ಕಾಯಿಲೆಯನ್ನು ಮನೆಯವರೇ ಹೇಳುತ್ತಾರೆ. ಪರಊರಲ್ಲಿ ಅದನ್ನು ನಾವೇ ಹೇಳಬೇಕು, ಪುರಾವೆ ಸಮೇತ. ಇದರಲ್ಲಿ ಜಗಳವೇನಿಲ್ಲ. ಗಡಿಬಿಡಿಯಲ್ಲಿರುವ ಡಾಕ್ಟರಿಗೂ ಅದರಿಂದ ಅನುಕೂಲವೇ.

ಹೋದ ವಾರ ನಮ್ಮ ಬಿಲ್ಡಿಂಗಿನ ಗದಗಿನ ಅಜ್ಜಿಗೆ ಇಂಥದೇ ಹಾಳೆ ಬರೆದುಕೊಟ್ಟೆ. ಅವರು ಬಹಳ ವರ್ಷದಿಂದ ತಗೊಳ್ಳುವ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ಬಿ-12 ಇಳಿಸಬಲ್ಲದು. ಜೊತೆಗೆ ಬರಲೇ ಅಂದೆ. ಅಜ್ಜಿ ಹಾಳೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅಂದರು: "ಬಾ ತಂಗಿ, ಬಾಜೂಕ ಕೂಡು. ಮಾತು ಮಾತ್ರ ನಾನ ಆಡತೀನಿ."