ಶುಚಿತ್ವದ ಹೆಸರಿನಲ್ಲಿ ನೋಯಿಸದಿರೋಣ

ಶುಚಿತ್ವಕ್ಕೂ ಈಮಾನಿಗೂ ಇರುವ ನಂಟನ್ನು ನಾವು ಮದ್ರಸಾದ ಮೊದಲ ಪಾಠಗಳಲ್ಲೇ ಕಲಿತವರು. ವುಝೂ ಇಲ್ಲದೆ ನಮಾಝ್ ಇಲ್ಲ. ಶರೀರ, ಉಡುಪು, ಸ್ಥಳ ಮೂರೂ ನಿರ್ಮಲವಾಗಿರಬೇಕು. ಆದರೆ ಇದೇ ಬೋಧನೆ ಕೆಲವೊಮ್ಮೆ ನಮ್ಮ ಮನೆಗಳಲ್ಲಿ ದುರ್ಬಲರ ಮೇಲೆ ಬೀಸುವ ಕೋಲಾಗುತ್ತದೆ. ಮನೆ ಅಸ್ತವ್ಯಸ್ತವಾಗಿದ್ದರೆ ಆ ಮನೆಯ ಹೆಣ್ಣಿಗೆ ಸೋಮಾರಿ, ದೀನಿನ ಅರಿವಿಲ್ಲದವಳು ಎಂಬ ಹಣೆಪಟ್ಟಿ ಸಿಗುತ್ತದೆ. ಆಕೆಗೆ ಯಾವುದು ಕಷ್ಟವಾಗುತ್ತಿದೆ ಎಂದು ಕೇಳುವವರು ವಿರಳ.

ನಮ್ಮ ಕುಟುಂಬ ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದ್ದು. ನಮ್ಮ ಮನೆಯ ಮಗಳೊಬ್ಬಳನ್ನು ಮೈಸೂರು ನಗರಕ್ಕೆ ಮದುವೆ ಮಾಡಿಕೊಟ್ಟೆವು. ಅವಳ ಅನುಮತಿ ಪಡೆದೇ ಈ ಮಾತುಗಳನ್ನು ಬರೆಯುತ್ತಿದ್ದೇವೆ. ಊರಿನ ಕೂಡುಕುಟುಂಬದಲ್ಲಿ ಅವಳು ಮರೆತ ಹಾಲನ್ನು ಒಲೆಯಿಂದ ಇಳಿಸಲು ಯಾರಾದರೂ ಇರುತ್ತಿದ್ದರು. ಅವಳು ಅರ್ಧಕ್ಕೆ ಬಿಟ್ಟ ಬಟ್ಟೆಯನ್ನು ಇನ್ನೊಬ್ಬರು ಮಡಿಸುತ್ತಿದ್ದರು. ನಗರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಆ ಕೈಗಳಿರಲಿಲ್ಲ. ಒಗೆದ ಬಟ್ಟೆ ಮಂಚದ ಮೇಲೆ ಗುಡ್ಡೆಯಾಯಿತು; ಕರೆಂಟ್ ಬಿಲ್ಲು ಮಕ್ಕಳ ಪುಸ್ತಕಗಳ ನಡುವೆ ಕಳೆದುಹೋಯಿತು; ಜಾನಮಾಝ್ ಹಾಸಲು ಜಾಗವಿಲ್ಲದಾಯಿತು. ಕೊನೆಗೆ ಅವಳನ್ನು ತವರಿಗೆ ಕಳುಹಿಸುವ ಮಾತು ಬಂತು. ಎರಡೂ ಕಡೆಯ ಹಿರಿಯರು ಕೂರಬೇಕಾಯಿತು.

ಅದೇ ದಿನಗಳಲ್ಲಿ ಮಗನ ಓದಿನ ತೊಂದರೆಗಾಗಿ ತಜ್ಞರ ಬಳಿ ಹೋದಾಗ, ಮಗನಿಗಿದ್ದ ಎಡಿಎಚ್‌ಡಿ ತಾಯಿಗೂ ಇರುವುದು ತಿಳಿಯಿತು. ಇದು ಸೋಮಾರಿತನವಲ್ಲ. ಕೆಲಸವನ್ನು ಆರಂಭಿಸುವುದು, ಮೊದಲು ಯಾವುದು ನಂತರ ಯಾವುದು ಎಂದು ಜೋಡಿಸುವುದು, ಸಮಯ ಸರಿದದ್ದನ್ನು ಗ್ರಹಿಸುವುದು ಇಂತಹ ಮೆದುಳಿಗೆ ಕಷ್ಟ. ಕಣ್ಣಿಗೆ ಕಾಣದ ವಸ್ತು ಮನಸ್ಸಿನಿಂದಲೂ ಮರೆಯಾಗುತ್ತದೆ. ಆದ್ದರಿಂದಲೇ ಎಲ್ಲವೂ ಕಣ್ಣೆದುರಿಗೇ ರಾಶಿ ಬೀಳುತ್ತದೆ. ಬೈಗುಳದಿಂದ ಈ ಕಷ್ಟ ಕಡಿಮೆಯಾಗದು; ಅದರ ಮೇಲೆ ನಾಚಿಕೆಯ ಭಾರವೊಂದು ಸೇರುತ್ತದೆ, ಅಷ್ಟೆ.

ಪ್ರವಾದಿ ಮುಹಮ್ಮದ್(ಸ)ರ ಬಳಿಗೆ ಬುದ್ಧಿಯಲ್ಲಿ ಏನೋ ವ್ಯತ್ಯಾಸವಿದ್ದ ಮಹಿಳೆಯೊಬ್ಬರು ಬಂದ ಘಟನೆಯನ್ನು ಸಹೀಹ್ ಮುಸ್ಲಿಮ್ ವರದಿ ಮಾಡಿದೆ. ತನಗೆ ತಮ್ಮಿಂದ ಒಂದು ಕೆಲಸವಾಗಬೇಕಿದೆ ಎಂದರು ಆಕೆ. ಪ್ರವಾದಿ(ಸ)ರು ಆಕೆಯನ್ನು ಗದರಿಸಲಿಲ್ಲ, ಇನ್ನೊಬ್ಬರ ಬಳಿಗೂ ಕಳುಹಿಸಲಿಲ್ಲ. ಯಾವ ಬೀದಿಯಲ್ಲಿ ಮಾತನಾಡಬೇಕೆಂಬ ಆಯ್ಕೆಯನ್ನೇ ಆಕೆಗೆ ಬಿಟ್ಟು, ಆಕೆಯ ಅಗತ್ಯ ಮುಗಿಯುವವರೆಗೂ ಜೊತೆಗೆ ನಿಂತರು. ನೆರವು ನೀಡುವವರು ಇಲ್ಲಿ ಎರಡು ಸಂಗತಿಗಳನ್ನು ಕಲಿಯಬಹುದು: ಸ್ಥಳ, ಸಮಯಗಳ ಆಯ್ಕೆ ನೆರವು ಪಡೆಯುವವರದು; ಆತುರ ಸಲ್ಲದು.

ಅನ್ಯರ ಮನೆಯನ್ನು ಅನುಮತಿ ಇಲ್ಲದೆ ಪ್ರವೇಶಿಸಬಾರದೆಂದು ಸೂರಃ ಅನ್ನೂರ್ ಆದೇಶಿಸುತ್ತದೆ. ಒಬ್ಬರ ಕಪಾಟು, ಪೆಟ್ಟಿಗೆ, ಹಳೆಯ ಬಟ್ಟೆಯ ಗಂಟು ಕೂಡ ಮನೆಯೊಳಗಿನ ಪುಟ್ಟ ಮನೆಯೇ ಎಂದು ನಾವು ಭಾವಿಸಿದೆವು. ಅವಳು ಮಾರುಕಟ್ಟೆಗೆ ಹೋದಾಗ ಎಲ್ಲವನ್ನೂ ಗುಜರಿಗೆ ಹಾಕಿಬಿಡೋಣ ಎಂಬ ಸಲಹೆ ಬಂದಿತ್ತು; ಅದನ್ನು ಒಪ್ಪಲಿಲ್ಲ. ವಾರಕ್ಕೊಮ್ಮೆ, ಶನಿವಾರ ಅಸರ್ ನಮಾಝಿನ ನಂತರ, ನಮ್ಮಲ್ಲಿ ಒಬ್ಬರು ಅವಳ ಬಳಿ ಹೋಗಿ ಕೂರತೊಡಗಿದೆವು. ಇಡೀ ಮನೆಯಲ್ಲ, ಒಂದೇ ಮೂಲೆ. ಇಡೀ ದಿನವಲ್ಲ, ಅರ್ಧ ಗಂಟೆ. ಇಡಬೇಕಾದದ್ದು, ಸದಕಾ ಕೊಡಬೇಕಾದದ್ದು, ಎಸೆಯಬೇಕಾದದ್ದು ಎಂದು ಮೂರು ಬುಟ್ಟಿ, ತೀರ್ಮಾನವಾಗದ್ದಕ್ಕೆ ನಾಲ್ಕನೆಯದು. ತೀರ್ಮಾನ ಅವಳದು. ಮುಚ್ಚಿದ ಕಪಾಟಿನ ಬದಲು ತೆರೆದ ಬುಟ್ಟಿಗಳು ಮತ್ತು ಪಾರದರ್ಶಕ ಡಬ್ಬಗಳು ಬಂದವು. ಬಿಲ್ಲುಗಳಿಗೆ ಬಾಗಿಲ ಬಳಿ ಒಂದು ಮೊಳೆ. ಅನೇಕ ಸಲ ನಾವು ಏನನ್ನೂ ಮುಟ್ಟದೆ ಪಕ್ಕದಲ್ಲಿ ಕುಳಿತಿದ್ದೇ ಅವಳಿಗೆ ಸಾಕಾಗುತ್ತಿತ್ತು.

ಅವಳ ಪತಿಯೂ ಬದಲಾದರು. ಪ್ರವಾದಿ(ಸ)ರು ಮನೆಯಲ್ಲಿದ್ದಾಗ ಮನೆಯವರ ಕೆಲಸಕ್ಕೆ ನೆರವಾಗುತ್ತಿದ್ದರು, ನಮಾಝಿನ ವೇಳೆಗೆ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿರುವುದು ಸಹೀಹ್ ಬುಖಾರಿಯಲ್ಲಿದೆ. ಹಿರಿಯರೊಬ್ಬರು ಇದನ್ನು ನೆನಪಿಸಿದಾಗ ಅವರು ತಲೆತಗ್ಗಿಸಿ ಕೇಳಿದರು. ಬಟ್ಟೆ ಮಡಿಸುವ ಕೆಲಸ ಈಗ ಅವರದು.

ಎಲ್ಲರ ಕಷ್ಟವೂ ಒಂದೇ ಬಗೆಯದಲ್ಲ. ಆಟಿಸಂ ಇರುವ ಅನೇಕರಿಗೆ ವಸ್ತುಗಳ ಸ್ಥಾನ ಹಠಾತ್ತನೆ ಬದಲಾಗುವುದೇ ತೀವ್ರ ಸಂಕಟ. ಅವರಿಗೆ ಮೊದಲೇ ತಿಳಿಸಿ, ಸ್ವಲ್ಪಸ್ವಲ್ಪವಾಗಿ ಬದಲಿಸಬೇಕು. ಏನನ್ನೂ ಬಿಡಲಾಗದೆ ಕೂಡಿಡುವ ಸ್ಥಿತಿ ಮತ್ತೊಂದು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಅದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿತು. ಅಂಥವರ ಮನೆಯನ್ನು ಬಲವಂತವಾಗಿ ಖಾಲಿ ಮಾಡಿದರೆ ನೋವು ಹೆಚ್ಚುತ್ತದೆ, ರಾಶಿ ಮತ್ತೆ ಬೆಳೆಯುತ್ತದೆ; ಅವರಿಗೆ ವೈದ್ಯರ ನೆರವು ಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಆಟಿಸಂ ಮತ್ತು ಕಲಿಕಾ ನ್ಯೂನತೆಗಳು ಸೇರಿವೆ; ಎಡಿಎಚ್‌ಡಿಯ ಹೆಸರು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿಲ್ಲ. ಹಾಗಾಗಿ ಕುಟುಂಬದ ಹೊಣೆ ಇನ್ನಷ್ಟು ಹಿರಿದು. ಮಕ್ಕಳ ಮಾತು ಮತ್ತು ಸಂವಹನದ ತೊಂದರೆಗಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಮನಸ್ಸು ಕುಗ್ಗಿದಾಗ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ನಮ್ಮ ಮಗಳ ಮನೆ ಈಗಲೂ ಕೆಲವು ದಿನ ಅಸ್ತವ್ಯಸ್ತವಾಗಿರುತ್ತದೆ. ಆದರೆ ತವರಿಗೆ ಕಳುಹಿಸುವ ಮಾತು ನಿಂತಿದೆ. ಕಿಟಕಿಯ ಬಳಿ ಒಂದು ಜಾನಮಾಝಿನಷ್ಟು ಜಾಗ ಸದಾ ತೆರವಾಗಿರುತ್ತದೆ. ಅದನ್ನು ಕಾಯುವ ಹೊಣೆ ಇಡೀ ಮನೆಯದು.

ರಮಝಾನ್ ಸಮೀಪಿಸಿದಾಗ ನಾವು ನಮ್ಮ ಮನೆಗಳನ್ನು ತೊಳೆಯುತ್ತೇವೆ. ಆ ವಾರದಲ್ಲಿ ಒಂದು ಅರ್ಧ ಗಂಟೆಯನ್ನು, ನಮ್ಮ ಮೊಹಲ್ಲಾದಲ್ಲಿ ಏಕಾಂಗಿಯಾಗಿ ಹೆಣಗುತ್ತಿರುವ ಒಬ್ಬರಿಗೆ ಕೊಡೋಣ. ಸಲಾಮ್ ಹೇಳಿ, ಅನುಮತಿ ಕೇಳಿ, ಅವರು ತೋರಿದ ಜಾಗದಲ್ಲಿ ಕೂರೋಣ. ದುರ್ಬಲರೊಂದಿಗೆ ಮೃದುವಾಗಿ ವರ್ತಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.