ನಡುವಿನ ಪೆಟ್ಟಿಗೆ



ಮನೆಗೆ ಬೆಳಕಿನ ಎಳೆಯ ಮೂಲಕ ಬರುವ ಇಂಟರ್ನೆಟ್ಟಿಗೆ ನಮ್ಮದೇ ಆದ ರೂಟರನ್ನು ಜೋಡಿಸಿಕೊಳ್ಳುವುದು ಮೇಲ್ನೋಟಕ್ಕೆ ಯಂತ್ರದ ವಿಷಯ. ಆದರೆ ಅದನ್ನು ಮಾಡಲು ಹೋಗಿ ನಾನು ನನ್ನ ನಡೆಯ ಬಗೆಗೇ ಒಂದು ಮಾತನ್ನು ಅರಿಯಬೇಕಾಯಿತು. ಅದನ್ನು ಮುಚ್ಚುಮರೆಯಿಲ್ಲದೆ ತಮ್ಮ ಮುಂದೆ ನಿವೇದಿಸಿಕೊಳ್ಳುತ್ತೇನೆ.

ಧಾರವಾಡದ ನಮ್ಮ ಮನೆ ತಂದೆಯವರ ಕಾಲದ್ದು. ಮಣ್ಣಿನ ಗೋಡೆಗಳು ಒಂದೂವರೆ ಅಡಿಗಿಂತಲೂ ದಪ್ಪ. ಎಂಬತ್ತೇಳು ವರ್ಷದ ಅವ್ವ ಸೊಂಟದ ಮೂಳೆ ಮುರಿದುಕೊಂಡು 2023ರ ಡಿಸೆಂಬರಿನಿಂದ ಒಳಕೋಣೆಯ ಮಂಚ ಹಿಡಿದಿದ್ದಳು. ಕಿವಿ ಮಂದವಾಗಿತ್ತು, ಎದುರಿನವರ ಮುಖವೂ ತುಟಿಯೂ ಕಂಡರೆ ಮಾತ್ರ ಅವಳಿಗೆ ಮಾತು ತಿಳಿಯುತ್ತಿತ್ತು. ನನ್ನ ತಮ್ಮ ಜರ್ಮನಿಯಲ್ಲಿದ್ದಾನೆ. ಪ್ರತಿ ರಾತ್ರಿ ಎಂಟೂವರೆಗೆ ಅವನ ವೀಡಿಯೊ ಕರೆ ಬರುತ್ತಿತ್ತು. ಕಂಪನಿಯವರು ಪಡಸಾಲೆಯಲ್ಲಿ ಕೂಡಿಸಿದ್ದ ಪೆಟ್ಟಿಗೆಯ ವೈಫೈ ಎರಡು ಗೋಡೆಗಳನ್ನು ದಾಟುವಷ್ಟರಲ್ಲಿ ಸೋತುಹೋಗುತ್ತಿತ್ತು. ಮೊಬೈಲ್ ಸಿಗ್ನಲ್ಲೂ ಆ ಕೋಣೆಗೆ ಸರಿಯಾಗಿ ಬರುತ್ತಿರಲಿಲ್ಲ. ಹೀಗಾಗಿ ಚಿತ್ರ ನಿಂತಾಗಲೆಲ್ಲ ನಾನು ಫೋನು ಹಿಡಿದು ಪಡಸಾಲೆಗೆ ಬಂದು ತಮ್ಮನ ಮಾತು ಕೇಳಿ, ಒಳಗೆ ಹೋಗಿ ಅವ್ವನಿಗೆ ಹೇಳಿ, ಅವಳ ಉತ್ತರವನ್ನು ಮರಳಿ ಅವನಿಗೆ ಮುಟ್ಟಿಸುತ್ತಿದ್ದೆ. ಆರು ತಿಂಗಳು ಇದೇ ನನ್ನ ಕಾಯಕವಾಗಿತ್ತು.

ತಮ್ಮನೇ ಒಂದು ದಿನ ಹೇಳಿದ: “ಅಣ್ಣಾ, ಕಂಪನಿ ಪೆಟ್ಟಿಗೀ ಮ್ಯಾಲೆ ಯಾಕ ಕುಂತೀ? ಒಂದು ಛಲೋ ರೂಟರ್ ತಂದು ಹಾಕು. ಇಲ್ಲಿ ನಾವು ನಮ್ಮದ ಹಾಕ್ಕೊಂಡೇವಿ.” ಅವನ ಮಾತು ನಿಜ. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಜಾರಿಗೆ ಬಂದ ಕಾಯಿದೆಯು ಗ್ರಾಹಕನು ತನ್ನ ಆಯ್ಕೆಯ ಉಪಕರಣವನ್ನು ಜೋಡಿಸಿಕೊಳ್ಳುವ ಹಕ್ಕನ್ನು ಮನ್ನಿಸಿದೆ. ಅದಕ್ಕೆ ಬೇಕಾದ ವಿವರಗಳನ್ನು ಕಂಪನಿಯು ಕೊಡಲೇಬೇಕು. ನಾನು ಆ ಹಕ್ಕಿನ ಮಾತನ್ನಷ್ಟೇ ಕೇಳಿಸಿಕೊಂಡೆ. ವಿವರಗಳ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನಿಗೆ ಇದೇನು ಮಹಾ ಎಂಬ ಭಾವ. ಯಾರನ್ನೂ ಕೇಳದೆ ರೂಟರ್ ಕೊಂಡು ತಂದೆ.

ನನ್ನ ಅಜ್ಞಾನದ ಮೆಟ್ಟಿಲುಗಳು ಹೀಗಿವೆ. ಮೊದಲು, ಗೋಡೆಯಿಂದ ಬಂದ ಹಸಿರು ತುದಿಯ ಸಣ್ಣ ಎಳೆಯನ್ನು ಹಳೆಯ ಪೆಟ್ಟಿಗೆಯಿಂದ ಕಿತ್ತು ಹೊಸ ರೂಟರಿಗೆ ಚುಚ್ಚಲು ನೋಡಿದೆ. ಅಲ್ಲಿ ಅದಕ್ಕೆ ತಕ್ಕ ರಂಧ್ರವೇ ಇರಲಿಲ್ಲ. ತುದಿಯನ್ನು ಬೆರಳಿನಿಂದ ಒರೆಸಿ ಮತ್ತೆ ಮೊದಲಿನ ಜಾಗಕ್ಕೇ ಹಾಕಿದೆ. ಎರಡನೆಯದಾಗಿ, ಹಳೆಯ ಪೆಟ್ಟಿಗೆಯಿಂದ ಕೇಬಲ್ ತಂದು ರೂಟರಿನ ‘ವ್ಯಾನ್’ ಎಂಬ ದ್ವಾರಕ್ಕೆ ಹಾಕುವ ಬದಲು ‘ಲ್ಯಾನ್’ ದ್ವಾರಕ್ಕೆ ಹಾಕಿದೆ. ಎರಡೂ ಪೆಟ್ಟಿಗೆಗಳ ವಿಳಾಸ 192.168.1.1; ಎರಡೂ ಮನೆಯ ಫೋನುಗಳಿಗೆ ತಾವೇ ವಿಳಾಸ ಹಂಚಲು ನಿಂತವು. ಒಂದೇ ಮನೆಗೆ ಇಬ್ಬರು ಯಜಮಾನರಾದಂತಾಗಿ ಯಾವ ಫೋನಿಗೂ ದಾರಿ ತೋಚದಾಯಿತು. ಮೂರನೆಯದಾಗಿ, ಸಿಟ್ಟು ಬಂದು ಪಿನ್ನಿನಿಂದ ಕಂಪನಿಯ ಪೆಟ್ಟಿಗೆಯ ‘ರಿಸೆಟ್’ ಗುಂಡಿಯನ್ನು ಒತ್ತಿ ಹಿಡಿದೆ. ಅದರಲ್ಲಿ ಬರೆದಿಟ್ಟಿದ್ದ ಹೊಂದಾಣಿಕೆಗಳೆಲ್ಲ ಅಳಿಸಿಹೋದವು.

ಅಂದು ರಾತ್ರಿ ಕರೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಅವ್ವ ಎಂಟು ಗಂಟೆಗೇ ತಲೆ ಬಾಚಿಸಿಕೊಂಡು, ಕನ್ನಡಕ ಹಾಕಿಸಿಕೊಂಡು ಕಾದಳು. ಹತ್ತು ಗಂಟೆಗೆ ತಾನೇ ಕನ್ನಡಕ ತೆಗೆದು ದಿಂಬಿನ ಬದಿಗಿಟ್ಟಳು. ನನ್ನನ್ನು ಏನೂ ಕೇಳಲಿಲ್ಲ.

ಮೂರನೆಯ ದಿನ ಲೈನು ನೋಡಿಕೊಳ್ಳುವ ಹುಡುಗ ಬಂದ. ಬಯ್ಯಲಿಲ್ಲ, ನಗಲೂ ಇಲ್ಲ. ಮೊದಲು ಎಳೆಯ ತುದಿಯನ್ನು ಮಾಪಕಕ್ಕೆ ಹಿಡಿದ. ಮೈನಸ್ 29 ಡಿಬಿಎಂ ತೋರಿಸಿತು. ಇಂಥ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಮೈನಸ್ 27ರವರೆಗಿನ ಬೆಳಕು ಸಾಕು, ಅದಕ್ಕಿಂತ ಕ್ಷೀಣವಾದರೆ ಸಾಲದು. “ಸರ್, ತುದೀಗೆ ಬಳ್ಳು ಹಚ್ಚೀರೇನ್ರಿ?” ಎಂದು ಕೇಳಿ, ಅದಕ್ಕೆಂದೇ ಇರುವ ಒರೆಸುವ ಹಾಳೆಯಿಂದ ಒರೆಸಿದ. ಮೈನಸ್ 21 ಆಯಿತು. ಆ ಎಳೆಯಲ್ಲಿ ಬೆಳಕು ಹರಿಯುವ ಗಾಜಿನ ತಿರುಳು ಸುಮಾರು 9 ಮೈಕ್ರೋಮೀಟರ್ ಅಗಲದ್ದು, ಕೂದಲೆಳೆಗಿಂತಲೂ ಎಷ್ಟೋ ಸಣ್ಣದು. ಬೆರಳಿನ ಜಿಡ್ಡು ಅದಕ್ಕೆ ದೊಡ್ಡ ಗೋಡೆಯೇ ಸರಿ. ಆ ಬೆಳಕು ಕಣ್ಣಿಗೆ ಕಾಣದ ಬಗೆಯದು. ಆದ್ದರಿಂದ ಬಿಚ್ಚಿದ ತುದಿಯನ್ನು ಕಣ್ಣಿಗೆ ನೇರವಾಗಿ ಹಿಡಿದು ನೋಡಲೂಬಾರದು.

ಅನಂತರ ಅವನು ವಿವರಿಸಿದ್ದನ್ನೂ ನಾನು ಓದಿ ತಿಳಿದದ್ದನ್ನೂ ಕೂಡಿಸಿ ಇಲ್ಲಿ ಹೇಳುತ್ತೇನೆ. ಇಲ್ಲಿ ಮೂರು ಪದಗಳನ್ನು ನಾವು ಗಮನಿಸಬೇಕು.

ಮೊದಲನೆಯದು ‘ಓಎನ್‌ಟಿ’. ಕಂಪನಿಯವರು ಕೊಡುವ ಪೆಟ್ಟಿಗೆ ಇದು. ಬೆಳಕನ್ನು ವಿದ್ಯುತ್ತಿನ ಸಂಜ್ಞೆಯಾಗಿಯೂ, ಸಂಜ್ಞೆಯನ್ನು ಬೆಳಕಾಗಿಯೂ ಮಾರ್ಪಡಿಸುವುದು ಇದರ ಕೆಲಸ. ನಮ್ಮಲ್ಲಿ ಬಹಳ ಮನೆಗಳಿಗೆ ಬಂದಿರುವ ಜಿಪಾನ್ ಎಂಬ ಪದ್ಧತಿಯಲ್ಲಿ ಒಂದೇ ಎಳೆಯೊಳಗೆ 1490 ನ್ಯಾನೋಮೀಟರಿನ ಬೆಳಕು ಮನೆಯ ಕಡೆಗೂ, 1310 ನ್ಯಾನೋಮೀಟರಿನ ಬೆಳಕು ಕೇಂದ್ರದ ಕಡೆಗೂ ಹರಿಯುತ್ತವೆ. ಕೇಂದ್ರದಿಂದ ಹೊರಟ ಎಳೆಯೊಂದು 32 ಅಥವಾ 64 ಮನೆಗಳಿಗೆ ಕವಲೊಡೆಯುವುದು ರೂಢಿ. ಪ್ರತಿಯೊಂದು ಪೆಟ್ಟಿಗೆಯೂ ತನಗೆ ಗೊತ್ತುಪಡಿಸಿದ ಕ್ಷಣದಲ್ಲಿ ಮಾತ್ರ ಬೆಳಗಬೇಕು. ಸರದಿ ತಪ್ಪಿ ಬೆಳಗಿದರೆ ನೆರೆಮನೆಯವರ ಮಾತು ಕೆಡುತ್ತದೆ. ಆದುದರಿಂದಲೇ ಅದರ ಸರಣಿ ಸಂಖ್ಯೆ ಕೇಂದ್ರದಲ್ಲಿ ದಾಖಲಾಗಿರಬೇಕಾಗುತ್ತದೆ. ನಮ್ಮ ಮನಸ್ಸಿಗೆ ಬಂದ ಪೆಟ್ಟಿಗೆಯನ್ನು ಆ ಎಳೆಗೆ ಚುಚ್ಚಿದರೆ ನಡೆಯದು.

ಎರಡನೆಯದು ‘ರೂಟರ್’. ಮನೆಯ ಫೋನು, ಗಣಕಯಂತ್ರಗಳಿಗೆ ವಿಳಾಸ ಹಂಚಿ, ಹೊರಗಿನ ಲೋಕಕ್ಕೆ ಎಲ್ಲರ ಪರವಾಗಿ ತಾನೊಬ್ಬನೇ ಮುಖ ತೋರಿಸುವ ಪೆಟ್ಟಿಗೆ. ಕಂಪನಿಯವರು ಈ ಕೆಲಸವನ್ನೂ ಬಹುಮಟ್ಟಿಗೆ ಓಎನ್‌ಟಿಯೊಳಗೇ ಸೇರಿಸಿರುತ್ತಾರೆ. ಅದರ ಹಿಂದೆ ನಮ್ಮ ರೂಟರನ್ನೂ ‘ವ್ಯಾನ್’ ದ್ವಾರದಿಂದ ಜೋಡಿಸಿದರೆ ಎರಡು ಬಾಗಿಲು, ಇಬ್ಬರು ಕಾವಲುಗಾರರು. ಸಾಮಾನ್ಯ ಬಳಕೆ ನಡೆಯುತ್ತದೆ. ಆದರೆ ಹೊರಗಿನಿಂದ ಮನೆಯ ಕ್ಯಾಮೆರಾವನ್ನು ನೇರವಾಗಿ ತಲುಪುವಂಥ ಕೆಲಸಗಳಿಗೆ ತೊಡಕಾಗುತ್ತದೆ.

ಮೂರನೆಯದು ‘ಬ್ರಿಜ್’, ಎಂದರೆ ಸೇತುವೆ. ಓಎನ್‌ಟಿಯನ್ನು ಈ ಸ್ಥಿತಿಗೆ ತಂದಾಗ ಅದು ವಿಳಾಸ ಹಂಚುವುದನ್ನು ಬಿಡುತ್ತದೆ, ಯಜಮಾನಿಕೆಯನ್ನು ಬಿಡುತ್ತದೆ. ಬಂದುದನ್ನು ಬಂದಂತೆ ದಾಟಿಸುತ್ತದೆ. ಆಗ ನಮ್ಮ ರೂಟರೇ ಕೇಂದ್ರದೊಡನೆ ಮಾತಾಡಿ ಒಳಬರಲು ಅಪ್ಪಣೆ ಪಡೆಯಬೇಕು. ನಮ್ಮ ಕಂಪನಿಯಲ್ಲಿ ಅದು 1999ರಲ್ಲಿ ಪ್ರಕಟವಾದ ಪಿಪಿಪಿಒಇ ಎಂಬ ಕ್ರಮದಲ್ಲಿ ನಡೆಯುತ್ತದೆ. ಅದಕ್ಕೆ ಬಳಕೆದಾರನ ಹೆಸರು, ಗುಪ್ತಪದ ಹಾಗೂ ವಿಎಲ್ಎಎನ್ ಸಂಖ್ಯೆ ಬೇಕು. ಹಳೆಯ ಪೆಟ್ಟಿಗೆಯ ಮ್ಯಾಕ್ ವಿಳಾಸವನ್ನು ಕಂಪನಿಯವರು ಖಾತೆಗೆ ಕಟ್ಟಿಹಾಕಿದ್ದರೆ ಅದನ್ನು ಬಿಡಿಸಿ ಹೊಸದನ್ನು ಬರೆಸಬೇಕು. ಅದೇ ಸಂಪರ್ಕದಲ್ಲಿ ಸ್ಥಿರ ದೂರವಾಣಿ ಇದ್ದರೆ ಅದರ ತಂತಿ ಓಎನ್‌ಟಿಯಲ್ಲೇ ಉಳಿಯಬೇಕು. ಇವೆಲ್ಲವನ್ನೂ ಮೊದಲೇ ಕೇಳಿ ಬರೆದುಕೊಂಡು, ಹಳೆಯ ಹೊಂದಾಣಿಕೆಗಳ ಪ್ರತಿ ಪುಟದ ಚಿತ್ರ ತೆಗೆದಿಟ್ಟುಕೊಂಡ ಮೇಲೆಯೇ ಪೆಟ್ಟಿಗೆಗೆ ಕೈ ಹಚ್ಚಬೇಕು. ಅರಿವು ಮುಂದಾಗಿ ನಡೆ ಹಿಂದಾಗಬೇಕಿತ್ತು; ನಾನು ಅದನ್ನು ತಿರುಗುಮುರುಗು ಮಾಡಿದ್ದೆ.

ಹುಡುಗ ಕಂಪನಿಯ ಕಚೇರಿಗೆ ಫೋನು ಮಾಡಿ ವಿವರಗಳನ್ನು ತರಿಸಿಕೊಂಡು, ಓಎನ್‌ಟಿಯನ್ನು ಸೇತುವೆಯಾಗಿಸಿ, ಪಡಸಾಲೆಯಿಂದ ಕೇಬಲ್ ಎಳೆದು ಅವ್ವನ ಕೋಣೆಯ ಬಾಗಿಲ ಮೇಲೆ ನಮ್ಮ ರೂಟರನ್ನು ಕೂಡಿಸಿದ. ಹೋಗುವಾಗ ಹಳೆಯ ಪೆಟ್ಟಿಗೆಯನ್ನು ತೋರಿಸಿ, “ಇನ್ನ ಇದು ತನ್ನ ಮಾತು ನಡುವ ಹಾಕೂದಿಲ್ರಿ ಸರ್” ಎಂದ. ಅವನು ಪೆಟ್ಟಿಗೆಯ ಬಗೆಗೆ ಆಡಿದ ಮಾತದು. ನನಗೆ ಅದರ ಅರ್ಥ ತಿಳಿದದ್ದು ರಾತ್ರಿ.

ಎಂಟೂವರೆಗೆ ಕರೆ ಬಂತು. ತಮ್ಮನ ಮುಖ ಸ್ವಚ್ಛವಾಗಿ ಕಂಡಿತು. ಅವನು ಏನೋ ಕೇಳಿದ. ನಾನು ರೂಢಿಯಂತೆ ಅವ್ವನ ಕಿವಿಯ ಬಳಿ ಬಾಗಿದೆ. ಅವ್ವ ಕೈಯಿಂದ ನನ್ನನ್ನು ಸರಿಸಿ, “ನೀ ಸುಮ್ನಿರು, ನನಗ ಕಾಣತೈತಿ” ಎಂದಳು. ತಮ್ಮ ಕೇಳಿದ ಮಾತು ಒಂದೇ: “ಅವ್ವಾ, ಬರಲೇನು?” ಅವಳೆಂದಳು: “ಬಾ ಯಪ್ಪಾ. ಒಮ್ಮೆ ಬಂದು ಹೋಗು.”

ಬಂಧುಗಳೇ, ಈ ಪ್ರಶ್ನೆಯನ್ನು ಅವನು ಆರು ತಿಂಗಳಲ್ಲಿ ಹಲವು ಸಲ ಕೇಳಿದ್ದ. ಪ್ರತಿ ಸಲವೂ ನಾನು ಪಡಸಾಲೆಯಲ್ಲಿ ನಿಂತೇ, “ಅವ್ವ ಆರಾಮ ಅದಾಳ, ಅವಸರ ಇಲ್ಲ, ನಿನ್ನ ನೌಕರಿ ನೋಡ್ಕೋ” ಎಂದು ಉತ್ತರಿಸಿದ್ದೆ. ಪ್ರಶ್ನೆ ಒಳಕೋಣೆಯನ್ನು ತಲುಪಿಯೇ ಇರಲಿಲ್ಲ. ಅವನ ಖರ್ಚು, ಅವನ ರಜೆ ಎಂಬ ಕಾಳಜಿ ನನ್ನಲ್ಲಿದ್ದದ್ದು ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿ, ಅವ್ವನನ್ನು ನೋಡಿಕೊಳ್ಳಲು ನಾನೊಬ್ಬನೇ ಸಾಕು ಎಂಬ ಅಹಂಕಾರವೂ ಇತ್ತು. ಮಾತು ಮುಟ್ಟಿಸುವವನೆಂದು ನಿಂತು, ಯಾವ ಮಾತು ಒಳಹೋಗಬೇಕು ಎಂಬುದನ್ನೂ ನಾನೇ ತೀರ್ಮಾನಿಸುತ್ತಿದ್ದೆ. ತಮ್ಮ ಪರದೆಯ ಮೇಲೆ ನನ್ನನ್ನು ಹುಡುಕಿ ನೋಡಿದ. ನನ್ನಲ್ಲಿ ಉತ್ತರವಿರಲಿಲ್ಲ. ಫೋನನ್ನು ಮೇಜಿಗೆ ಆನಿಸಿಟ್ಟು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಒಳಗಿನಿಂದ ಅವ್ವ ನಕ್ಕದ್ದು ಕೇಳಿಸಿತು.

2024ರ ಆಗಸ್ಟಿನಲ್ಲಿ ತಮ್ಮ ಬಂದು ಮೂರು ವಾರ ಅವ್ವನ ಮಂಚದ ಪಕ್ಕದಲ್ಲೇ ಮಲಗಿದ. ನಾನು ತಪ್ಪು ಒಪ್ಪಿಕೊಂಡೆ. ಅವನು ಅದನ್ನು ಮತ್ತೆ ಎತ್ತಿ ಆಡಲಿಲ್ಲ. 2025ರ ಜನವರಿಯಲ್ಲಿ ಅವ್ವ ಲಿಂಗೈಕ್ಯಳಾದಳು.

ರೂಟರ್ ಈಗಲೂ ಅದೇ ಬಾಗಿಲ ಮೇಲಿದೆ. ಪಡಸಾಲೆಯಲ್ಲಿ ಹಳೆಯ ಪೆಟ್ಟಿಗೆ ತನ್ನ ಪಾಡಿಗೆ ತಾನು ಹಸಿರು ದೀಪ ಬೆಳಗಿಸಿಕೊಂಡು, ಬಂದುದನ್ನು ಬಂದಂತೆ ದಾಟಿಸುತ್ತಿದೆ. ಅದನ್ನು ಕಂಡಾಗಲೆಲ್ಲ ನನಗೆ ಪಾಠ ನೆನಪಾಗುತ್ತದೆ. ತಮ್ಮಲ್ಲಿ ಯಾರಾದರೂ ಮನೆಯ ಹಿರಿಯರ ಮಾತನ್ನು ದೂರದ ಮಕ್ಕಳಿಗೆ ಮುಟ್ಟಿಸುವ ಸ್ಥಾನದಲ್ಲಿದ್ದರೆ, ದಯವಿಟ್ಟು ಫೋನನ್ನು ಅವರ ಮುಂದಿಟ್ಟು ಸ್ವಲ್ಪ ಹೊತ್ತು ಹೊರಗೆ ಬನ್ನಿ.